ಕೊಡುವ ಬಾಡಿಗೆ, ಬರುವ ಬಾಡಿಗೆ

ನಮ್ಮ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಸಾಹೇಬರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವರು ಬಾಡಿಗೆ ಅಕ್ಕ. ಹೊಸಬರು ಕೇಳಿದರೆ, ತಿಂಗಳಿಗೆ ಇಷ್ಟೆಂದು ಕೊಟ್ಟು ತಂದ ಅಕ್ಕನೋ ಏನೋ ಅಂದುಕೊಳ್ಳಬೇಕು, ಹಾಗಿತ್ತು ಆ ಹೆಸರು. ಆರು ತಿಂಗಳಿಗೊಮ್ಮೆ ಬೀದಿ ಬೀದಿ ಅಲೆದು, ಪಟ್ಟಿಯಲ್ಲಿರುವ ಮನೆಗಳ ಬಾಗಿಲು ತಟ್ಟಿ, ಬಾಡಿಗೆ ಈಗ ಎಷ್ಟಾಗಿದೆ ಎಂದು ಬರೆದುಕೊಂಡು ಬರುವುದು ಅವರ ಕೆಲಸ. ಅವರು ತಂದ ಫಾರಂಗಳನ್ನು ಕೂತಲ್ಲೇ ಕೂತು ಜರಡಿ ಹಿಡಿಯುವುದು ನನ್ನ ಕೆಲಸ. ನನಗೂ ಒಂದು ಅಡ್ಡಹೆಸರಿತ್ತು, ಕೆಂಪು ಪೆನ್ನು. ಅದನ್ನು ಯಾರೂ ನನ್ನೆದುರಿಗೆ ಹೇಳುತ್ತಿರಲಿಲ್ಲ. ಅಕ್ಕ ಮಾತ್ರ ‘ಪೆನ್ನು ಸಾರ್’ ಎಂದು ಮರ್ಯಾದೆ ಸೇರಿಸಿ ಕರೆಯುತ್ತಿದ್ದರು. ಮೂರು ವರ್ಷ ದೊಡ್ಡವರು, ಹಾಗಾಗಿ ನಾನೂ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ.

ನಮ್ಮದು ಬೆಲೆ ಲೆಕ್ಕದ ಕಚೇರಿ. ಪೇಟೆಯಲ್ಲಿ ಸಾಬೂನು ಎಷ್ಟು, ಎಣ್ಣೆ ಎಷ್ಟು, ಚಪ್ಪಲಿ ಎಷ್ಟು, ಬಸ್ಸಿನ ಟಿಕೆಟ್ಟು ಎಷ್ಟು ಎಂದು ಗುರುತು ಹಾಕಿಕೊಂಡು, ಒಟ್ಟಾರೆ ಬದುಕು ಎಷ್ಟು ದುಬಾರಿಯಾಯಿತು ಎಂಬುದನ್ನು ತಿಂಗಳಿಗೊಂದು ಸಂಖ್ಯೆಯಲ್ಲಿ ಹೇಳುತ್ತಿದ್ದೆವು. ಆ ಸಂಖ್ಯೆ ಪೇಪರಿನಲ್ಲಿ ಬಂದ ದಿನ ನನ್ನ ಹೆಂಡತಿಯೂ ಸೇರಿ ಊರಿಗೆ ಊರೇ ನಮ್ಮನ್ನು ಬೈಯುತ್ತಿತ್ತು. ಹಣದುಬ್ಬರ ನೂರಕ್ಕೆ ನಾಲ್ಕೇ ಅಂತೆ, ಇವರೇನು ಗಾಳಿ ಕುಡಿದು ಬದುಕುತ್ತಾರಾ ಎಂದು ಕೇಳುತ್ತಿದ್ದರು.

ಜಗಳದ ಬೇರು ಇದ್ದದ್ದು ತೂಕದಲ್ಲಿ. ಪಟ್ಟಿಯಲ್ಲಿರುವ ಎಲ್ಲ ಸಾಮಾನಿಗೂ ಒಂದೇ ಮರ್ಯಾದೆ ಕೊಡಲಾಗುವುದಿಲ್ಲ. ಬೆಂಕಿಪೊಟ್ಟಣದ ಬೆಲೆ ಎರಡರಷ್ಟಾದರೂ ಯಾರ ಸಂಸಾರವೂ ಮುಳುಗುವುದಿಲ್ಲ. ಬಾಡಿಗೆ ಕಾಲು ಭಾಗ ಏರಿದರೆ ಮಗಳ ಶಾಲೆಯೇ ಬದಲಾಗಬಹುದು. ಅದಕ್ಕಾಗಿ ಒಂದು ಸಂಸಾರದ ಖರ್ಚನ್ನು ನೂರು ಪಾಲು ಮಾಡಿ, ಯಾವುದಕ್ಕೆ ಎಷ್ಟು ಪಾಲು ಎಂದು ಮೊದಲೇ ಕಟ್ಟಿಟ್ಟಿರುತ್ತಾರೆ. ಆ ಪಾಲೇ ತೂಕ. ನಮ್ಮಲ್ಲಿ ಮನೆಯ ತೂಕ ನೂರಕ್ಕೆ ಬರೀ ಏಳಿತ್ತು. ಅದೂ ಇಪ್ಪತ್ತು ವರ್ಷ ಹಳೆಯ ಏಳು. ಸ್ವಂತ ಮನೆಯಲ್ಲಿರುವವರು ಯಾರಿಗೂ ಬಾಡಿಗೆ ಕೊಡುವುದಿಲ್ಲವಲ್ಲ, ಅವರ ಪಾಲಿಗೆ ಸೊನ್ನೆ ಹಿಡಿದು ಲೆಕ್ಕ ಹಾಕಿದ್ದರು. ಅದಕ್ಕೇ ಬಾಡಿಗೆ ಎಷ್ಟು ಜಿಗಿದರೂ ನಮ್ಮ ಸಂಖ್ಯೆ ಜಪ್ಪಯ್ಯ ಎಂದರೂ ಅಲುಗಾಡುತ್ತಿರಲಿಲ್ಲ.

ಅಕ್ಕನಿಗೆ ಆ ಏಳನ್ನು ಕಂಡರೆ ಆಗುತ್ತಿರಲಿಲ್ಲ. ತಮ್ಮ ಸಂಬಳದಲ್ಲಿ ನೂರಕ್ಕೆ ನಲವತ್ತು ಮನೆಯೊಡೆಯನ ಜೇಬಿಗೆ ಹೋಗುತ್ತದೆ, ಉಳಿದ ಮೂವತ್ತಮೂರು ಯಾರ ಮನೆಯ ಬಾಡಿಗೆ ಎಂದು ನನ್ನ ಮೇಜಿನ ಮುಂದೆ ನಿಂತು ಕೇಳುತ್ತಿದ್ದರು. ನಾನೇ ಆ ಏಳನ್ನು ಹೆತ್ತವನು ಎಂಬಂತೆ.

ಅವರು ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿದ್ದರೂ ಇನ್ನೂ ತಾತ್ಕಾಲಿಕ. ಮನೆಯಲ್ಲಿ ಅವರೂ ಅವರ ತಾಯಿಯೂ ಇಬ್ಬರೇ. ತಾಯಿ ಮಗಳು ಆವರೆಗೆ ಹದಿನಾಲ್ಕು ಬಾಡಿಗೆ ಮನೆ ಬದಲಿಸಿದ್ದರು. ನಾನು ಒಂದೆರಡು ಸಲ ಹೋಗಿದ್ದೆ. ಗೋಡೆಗೆ ಮೊಳೆ ಹೊಡೆದರೆ ಮನೆಯೊಡೆಯರು ತಕರಾರು ಮಾಡುತ್ತಾರೆಂದು ಆ ತಾಯಿ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಗಾಳಿ ಬಂದಾಗಲೆಲ್ಲ ತಿಂಗಳು ಮುಂದಕ್ಕೂ ಹಿಂದಕ್ಕೂ ಹಾರುತ್ತಿತ್ತು. ನನ್ನನ್ನು ಕಂಡರೆ ಅವರದು ಒಂದೇ ಪ್ರಶ್ನೆ. ಮಗಳು ಕಾಯಂ ಆಗುವುದು ಯಾವಾಗ? ಕಾಯಂ ಆದವರಿಗೆ ಕಚೇರಿಯಿಂದ ಮನೆ ಸಾಲ ಸಿಗುತ್ತಿತ್ತು. ಅಕ್ಕ ಒಂದು ಜಾಗವನ್ನೂ ನೋಡಿಟ್ಟಿದ್ದರು, ನೀರಿನ ಟ್ಯಾಂಕಿನ ಹಿಂದೆ, ಎರಡು ಕೋಣೆ, ಒಂದು ಅಡುಗೆಮನೆ. ಆ ಹನ್ನೊಂದು ವರ್ಷ ಅವರ ಕಾಲಿಗೆ ಚಕ್ರ ಕಟ್ಟಿದ್ದು ಅದೇ.

ಕೊನೆಗೊಂದು ದಿನ ಮೇಲಿನ ಕಚೇರಿಗೆ ಜ್ಞಾನೋದಯವಾಯಿತು. ತೂಕಗಳನ್ನೆಲ್ಲ ಹೊಸದಾಗಿ ಕಟ್ಟಬೇಕು, ಈ ಸಲ ಸ್ವಂತ ಮನೆಯವರನ್ನೂ ಬಿಡಬಾರದು ಎಂದು ಆದೇಶ ಬಂತು. ಸ್ವಂತ ಮನೆಯವರನ್ನು ಕೇಳಬೇಕಾದ ಪ್ರಶ್ನೆಯನ್ನು ಫಾರಂನಲ್ಲೇ ಅಚ್ಚು ಹಾಕಿಸಿದ್ದರು: ‘ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ಎಷ್ಟು ಬರುತ್ತದೆ?’ ಅದರ ಜೊತೆಗೇ ಇನ್ನೊಂದು ಸುದ್ದಿ. ಈ ಸಮೀಕ್ಷೆಯಲ್ಲಿ ನೂರು ಸರಿಯಾದ ಫಾರಂ ತಂದುಕೊಟ್ಟ ತಾತ್ಕಾಲಿಕ ನೌಕರರನ್ನು ಕಾಯಂ ಮಾಡುತ್ತಾರೆ. ಅಕ್ಕನ ಪಾಲಿಗೆ ಬಂದ ಬಡಾವಣೆಯಲ್ಲಿ ಬಾಡಿಗೆ ಮನೆ ಐವತ್ತೆರಡು, ಸ್ವಂತ ಮನೆ ಎಂಬತ್ತನಾಲ್ಕು. ಒಟ್ಟು ನೂರಮೂವತ್ತಾರು. ಅವರ ಮುಖ ಆ ವಾರವೆಲ್ಲ ಅರಳಿಕೊಂಡೇ ಇತ್ತು.

ಫಾರಂ ಒಪ್ಪಿಸಲು ತಿಂಗಳ ಹದಿನೈದು ಕಡೆಯ ದಿನ. ಅಕ್ಕ ಹನ್ನೆರಡಕ್ಕೇ ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟರು. ಬಾಡಿಗೆ ಮನೆಗಳ ಐವತ್ತೆರಡೂ ಕನ್ನಡಿಯಂತಿದ್ದವು, ಅವಕ್ಕೆ ನಾನು ಆಗಲೇ ತಾರೀಖಿನ ಸೀಲು ಒತ್ತಿದೆ. ಸ್ವಂತ ಮನೆಗಳಿಗೆ ಬಂದಾಗ ನನ್ನ ಪೆನ್ನು ನಿಂತಿತು. ರೈಲು ಹಳಿಯ ಪಕ್ಕದ ಎರಡು ಕೋಣೆಯ ಮನೆಗೆ ಒಂಬತ್ತು ಸಾವಿರ ಎಂದು ಬರೆದಿತ್ತು. ಅದರ ಪಕ್ಕದ ಮಹಡಿ ಮನೆಯ ನಿಜವಾದ ಬಾಡಿಗೆ ನಾಲ್ಕು ಸಾವಿರ. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಎಂಬತ್ತನಾಲ್ಕು ಮನೆಯೂ ಅರಮನೆ.

ಅಕ್ಕನನ್ನು ಕರೆದು ಏನು ಕೇಳಿದಿರಿ ಎಂದೆ. ಅವರು ನಡೆದದ್ದನ್ನೆಲ್ಲ ಹೇಳಿದರು. ಮೊದಲ ಮನೆಯಲ್ಲಿ ಅಚ್ಚಾದ ಪ್ರಶ್ನೆಯನ್ನೇ ಓದಿದ್ದರಂತೆ. ಆ ಮನೆಯ ಹೆಂಗಸು, ಗಂಡ ತನಗೆ ಹೇಳದೆ ಮನೆಯನ್ನು ಬಾಡಿಗೆಗೆ ಹಾಕಿದ್ದಾನೆಂದು ತಿಳಿದು ರಂಪ ಮಾಡಿದಳು. ಎರಡನೆಯ ಮನೆಯವನು ನಾವು ಮನೆ ಕೊಡುವವರಲ್ಲ ಎಂದು ಬಾಗಿಲು ಹಾಕಿಕೊಂಡ. ಮೂರನೆಯ ಮನೆಯ ಮುದುಕಿ ಅಕ್ಕನ ಕೈ ಹಿಡಿದುಕೊಂಡು, ನನ್ನನ್ನು ಮನೆ ಬಿಡಿಸಲು ಮಗ ಕಳಿಸಿದನಾ ಎಂದು ಕೇಳಿದಳು. ನಾಲ್ಕನೆಯ ಮನೆಯಿಂದ ಅಕ್ಕ ಪ್ರಶ್ನೆಯನ್ನು ತಿರುಗಿಸಿಬಿಟ್ಟರು, ಮೊದಲ ಮೂರಕ್ಕೂ ಮರಳಿ ಹೋಗಿ ತಿರುಗಿಸಿದ್ದನ್ನೇ ಕೇಳಿದರು: ಈ ಮನೆಯಲ್ಲಿ ನೀವೇ ಬಾಡಿಗೆಗೆ ಇರಬೇಕಾಗಿ ಬಂದರೆ ಎಷ್ಟು ಕೊಡುತ್ತೀರಿ? ಆಮೇಲೆ ಎಲ್ಲರೂ ಒಳಗೆ ಕರೆದು ಕೂರಿಸಿ, ಯೋಚನೆ ಮಾಡಿ ಮಾಡಿ ಹೇಳಿದರಂತೆ.

“ಕೊಡೋದು, ಬರೋದು, ಎರಡೂ ಒಂದೇ ದುಡ್ಡಲ್ವಾ ಪೆನ್ನು ಸಾರ್?” ಎಂದರು.

ಒಂದೇ ಅಲ್ಲ ಎಂದು ನಾನು ರೇಗಿದೆ. ಬರುವುದನ್ನು ಕೇಳಿದರೆ ಜನ ಪೇಟೆಯನ್ನು ನೆನೆಯುತ್ತಾರೆ. ಕೊಡುವುದನ್ನು ಕೇಳಿದರೆ ಆ ಮನೆ ಕೈಬಿಟ್ಟು ಹೋಗುವುದನ್ನು ನೆನೆಯುತ್ತಾರೆ. ನೀವು ಕೇಳಿ ತಂದಿರುವುದು ಬಾಡಿಗೆಯನ್ನಲ್ಲ, ಅವರ ಹೆದರಿಕೆಯನ್ನು ಎಂದೆ. ನನ್ನ ಮಾತು ನನಗೇ ಚೆನ್ನಾಗಿದೆ ಅನಿಸಿತು, ಇನ್ನೊಂದು ಸಲ ಹೇಳಿದೆ. ಆಗ ನನಗೆ ಮೂವತ್ತೆಂಟು ವರ್ಷ. ಸರಿ ಎನ್ನುವುದು ಅಂಗೈಯ ಗೆರೆಯಷ್ಟು ಸ್ಪಷ್ಟವಾಗಿ ಕಾಣುತ್ತಿದ್ದ ವಯಸ್ಸು.

ಅಕ್ಕ ವಾದಿಸಲಿಲ್ಲ. ಕಟ್ಟನ್ನು ಎತ್ತಿ ಎದೆಗವಚಿಕೊಂಡು, ಮತ್ತೆ ಹೋಗಿ ಬರುತ್ತೇನೆ, ಎಷ್ಟು ದಿನ ಕೊಡುತ್ತೀರಿ ಎಂದರು. ಹದಿನೈದಕ್ಕೆ ಮೂರೇ ದಿನ. ಸಾಹೇಬರ ಬಳಿ ಹೋದೆ. ಅವರು ತಿಂಗಳ ಕೊನೆಯವರೆಗೂ ನಡೆಯುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದರು. ನಾನೂ ನಂಬಿದೆ. ಫಾರಂಗಳಿಗೆ ಸೀಲು ಒತ್ತದೆ ಹಾಗೇ ವಾಪಸ್ಸು ಕೊಟ್ಟೆ.

ಅಕ್ಕನ ಮಂಡಿ ನೋವು ನನಗೆ ಗೊತ್ತಿತ್ತು. ಮನಸ್ಸು ತಡೆಯದೆ ಕೆಲಸ ಮುಗಿದ ಮೇಲೆ ಸಂಜೆ ಎರಡು ಗಂಟೆ ಹೊತ್ತು, ರಜೆಯ ದಿನ ಪೂರ್ತಿ, ಅವರ ಜೊತೆ ಹೊರಟೆ. ಹದಿನೈದು ವರ್ಷದಿಂದ ಮನೆಗಳನ್ನು ತಪಾಸಣೆ ಮಾಡಿದವನು ನಾನು, ಒಂದು ಮನೆಯ ಬಾಗಿಲನ್ನೂ ತಟ್ಟಿರಲಿಲ್ಲ. ಅಷ್ಟೇ ಅಲ್ಲ, ನನ್ನ ವಾಸ ಕಚೇರಿಯ ಕ್ವಾರ್ಟರ್ಸಿನಲ್ಲಿ. ಬಾಡಿಗೆ ಎಂಬುದನ್ನು ಕೈಯಾರೆ ಕೊಟ್ಟವನೂ ಅಲ್ಲ. ಅಕ್ಕ ಇದನ್ನು ಆಡಿಕೊಂಡು ನಗದೆ ಬಿಡಲಿಲ್ಲ. ಈಜು ಬಾರದವರ ಕೈಗೆ ಕೆರೆ ಅಳೆಯುವ ಕೋಲು ಕೊಟ್ಟಿದ್ದಾರೆ ಎಂದರು.

ಆ ಒಂಬತ್ತು ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ನನ್ನ ಇಡೀ ನೌಕರಿಯಲ್ಲಿ ನಾನು ಖುಷಿಯಾಗಿದ್ದದ್ದು ಅಷ್ಟೇ ದಿನ. ಅಕ್ಕ ಬಾಗಿಲು ತಟ್ಟುವುದರಲ್ಲೇ ಒಂದು ಕ್ರಮವಿತ್ತು. ಎರಡು ಸಲ ಮೆಲ್ಲಗೆ, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಒಳಗಿನವರಿಗೆ ಕಿಟಕಿಯಿಂದ ತಮ್ಮ ಮುಖ ಪೂರ್ತಿ ಕಾಣುವ ಹಾಗೆ ನಿಲ್ಲುತ್ತಿದ್ದರು. ನಾನು ದಬದಬ ಬಡಿದರೆ, ಪೊಲೀಸ್ ಅಂದುಕೊಂಡು ಹಿತ್ತಲ ಬಾಗಿಲಲ್ಲಿ ಓಡಿಹೋಗುತ್ತಾರೆ, ಸ್ವಲ್ಪ ಮನುಷ್ಯರ ಹಾಗೆ ತಟ್ಟಿ ಎಂದು ಗದರುತ್ತಿದ್ದರು. ಬಾಗಿಲು ತೆರೆದ ಕೂಡಲೇ ಅವರು ಹೇಳುತ್ತಿದ್ದ ಮೊದಲ ಮಾತು, ಹೋದ ಸಲ ನಾನು ತಪ್ಪು ಕೇಳಿದ್ದೆ, ಸರಿಯಾಗಿ ಕೇಳೋಣ ಅಂತ ಬಂದೆ. ಜನ ನಕ್ಕು ಒಳಗೆ ಬಿಡುತ್ತಿದ್ದರು. ತಪ್ಪಾಯಿತು ಎಂದು ಹೇಳಿಕೊಂಡು ಬಂದ ಸರ್ಕಾರಿಯವರನ್ನು ಅವರು ಅದೇ ಮೊದಲು ನೋಡಿದ್ದು.

ರೈಲು ಹಳಿಯ ಪಕ್ಕದ ಆ ಒಂಬತ್ತು ಸಾವಿರದ ಮನೆ ಒಬ್ಬ ನಿವೃತ್ತ ಬಸ್ ಡ್ರೈವರನದು. ಅಕ್ಕ ಸರಿಯಾದ ಪ್ರಶ್ನೆಯನ್ನು, ಭಯಬೀಳಬೇಡಿ ಎಂದು ಮುಂಚೆಯೇ ಹೇಳಿ, ಓದಿದರು. ಆತ ಮೇಲಕ್ಕೂ ಕೆಳಕ್ಕೂ ನೋಡಿ ತಲೆ ಕೆರೆದುಕೊಂಡ.

“ಇದನ್ನ ಬಾಡಿಗೆಗಾ? ಎರಡು ಸಾವಿರ ಬಂದ್ರೆ ಹೆಚ್ಚು. ಮಳೆ ಬಂದ್ರೆ ಅಡುಗೆಮನೆ ಸೋರುತ್ತೆ. ರೈಲು ಬಂದ್ರೆ ಪಾತ್ರೆ ಎಲ್ಲಾ ಕುಣೀತವೆ.”

ಹೋದ ಸಲ ಒಂಬತ್ತು ಸಾವಿರ ಅಂದಿದ್ದಿರಲ್ಲ ಎಂದು ನಾನು ಬಾಯಿ ಹಾಕಿದೆ.

“ಅದು ಬೇರೆ. ಅದು ನನ್ನ ಪಿಂಚಣಿ. ಇಲ್ಲಿರೋಕೆ ಎಷ್ಟು ಕೊಡ್ತೀಯಾ ಅಂದ್ರು, ನನ್ನ ಹತ್ರ ಇರೋದೇ ಅಷ್ಟು, ಅಷ್ಟನ್ನೂ ಹೇಳಿದೆ.”

ಅಕ್ಕ ಎರಡು ಸಾವಿರ ಎಂದು ಬರೆದುಕೊಂಡರು. ಕಚೇರಿಗೆ ಬೇಕಾದದ್ದು ಆ ಎರಡು ಸಾವಿರವೇ, ಅದರಲ್ಲಿ ಈಗಲೂ ನನಗೆ ಎಳ್ಳಷ್ಟು ಅನುಮಾನವಿಲ್ಲ. ಆದರೆ ಮಿಕ್ಕ ಏಳು ಸಾವಿರ ಸುಳ್ಳು ಎಂದು ಅದಕ್ಕೂ ಮೊದಲು ಹೇಳಿದಷ್ಟು ಜೋರಾಗಿ ಹೇಳಲು ನನಗೆ ಆಮೇಲೆ ಆಗಲಿಲ್ಲ.

ಇಪ್ಪತ್ತೊಂದರ ಸಂಜೆಗೆ ಎಂಬತ್ತನಾಲ್ಕೂ ಮುಗಿದವು. ಮರುದಿನ ಬೆಳಿಗ್ಗೆ ಅಕ್ಕ ಕಟ್ಟು ತಂದಾಗ ಸಾಹೇಬರ ಮೇಜಿನ ಮೇಲೆ ಮೇಲಿನ ಕಚೇರಿಯ ಹೊಸ ಸುತ್ತೋಲೆ ಬಂದು ಕೂತಿತ್ತು. ಸ್ವಂತ ಮನೆಯವರು ಕೊಡದ ಬಾಡಿಗೆಯನ್ನು ಖರ್ಚೆಂದು ಹಿಡಿಯುವುದು ಸರಿಯಲ್ಲ ಎಂದು ಅಲ್ಲಿನ ದೊಡ್ಡವರು ಮನಸ್ಸು ಬದಲಿಸಿದ್ದರು. ಆ ಕಲಮನ್ನೇ ಕೈಬಿಡಲಾಗಿದೆ. ಹದಿನೈದನೇ ತಾರೀಖಿನೊಳಗೆ ಸೀಲು ಬಿದ್ದ ಸ್ವಂತ ಮನೆಯ ಫಾರಂಗಳನ್ನು ಕೆಲಸ ಮಾಡಿದ ಲೆಕ್ಕಕ್ಕೆ ಹಿಡಿಯಬೇಕು. ಉಳಿದವನ್ನು ಪಡೆಯಕೂಡದು.

ಬೇರೆ ತಪಾಸಣೆಯವರ ಕೈಯಲ್ಲಿದ್ದ ಐದು ಬಡಾವಣೆಗಳ ಫಾರಂಗಳಿಗೆ ಹದಿನಾಲ್ಕಕ್ಕೇ ಸೀಲು ಬಿದ್ದಿತ್ತು. ಅವುಗಳಲ್ಲಿ ಎಷ್ಟು ಸರಿ ಎಷ್ಟು ತಪ್ಪು ಎಂದು ಇನ್ನು ಯಾರೂ ಕೇಳುವ ಹಾಗಿರಲಿಲ್ಲ. ಅಕ್ಕನ ಲೆಕ್ಕದಲ್ಲಿ ಉಳಿದದ್ದು ಐವತ್ತೆರಡು.

ಸಾಹೇಬರು ಕೆಟ್ಟವರಲ್ಲ. ನನ್ನನ್ನು ಒಬ್ಬನನ್ನೇ ಕರೆದು, ಸುತ್ತೋಲೆಯನ್ನು ಮಡಿಸಿ, ಕಿಟಕಿಯ ಕಡೆ ನೋಡುತ್ತ ಹೇಳಿದರು. “ಸೀಲು ನಿಮ್ಮ ಡ್ರಾಯರಲ್ಲೇ ಇದೆಯಲ್ಲ. ತಾರೀಖು ತಿರುಗಿಸೋ ಚಕ್ರ ಅದರಲ್ಲೇ ಇರುತ್ತೆ.”

ನನಗೆ ಅರ್ಥವಾಯಿತು. ಅರ್ಥವಾಗದವನ ಹಾಗೆ ನಿಂತೆ. ಹನ್ನೆರಡಕ್ಕೇ ನನ್ನ ಮೇಜಿಗೆ ಬಂದಿದ್ದ ಫಾರಂಗಳವು. ನಾನು ಹಿಂದಕ್ಕೆ ಕೊಡದಿದ್ದರೆ ಸೀಲು ಬಿದ್ದೇ ಇರುತ್ತಿತ್ತು. ಚಕ್ರವನ್ನು ಏಳು ಹಲ್ಲು ಹಿಂದಕ್ಕೆ ತಿರುಗಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ, ಯಾವ ಸಂಖ್ಯೆಯೂ ಕೆಡುತ್ತಿರಲಿಲ್ಲ, ಆ ಕಲಮೇ ಸತ್ತಿತ್ತು. ಆದರೂ ಇಲ್ಲದ ತಾರೀಖನ್ನು ಒತ್ತುವುದು ಹೇಗೆ ಸಾರ್ ಎಂದೆ. ನಾನು ನನ್ನ ಜಾಗಕ್ಕೆ ಬಂದು, ದೊಡ್ಡ ಪರೀಕ್ಷೆ ಪಾಸಾದವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ನೆನೆದರೆ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ.

ಕಾಯಂ ಆದವರ ಪಟ್ಟಿ ಬೋರ್ಡಿನ ಮೇಲೆ ಬಂತು, ಐದು ಹೆಸರು. ಅಕ್ಕ ಅದನ್ನು ಮೇಲಿನಿಂದ ಕೆಳಗೆ ಓದಿ, ಇನ್ನೊಂದು ಸಲ ಕೆಳಗಿನಿಂದ ಮೇಲೆ ಓದಿ, ನನ್ನ ಮೇಜಿಗೆ ಬಂದು ಮುಂದಿನ ಆರು ತಿಂಗಳ ಬಾಡಿಗೆ ಫಾರಂ ಕೇಳಿದರು. ಹೊಸ ತೂಕಗಳೂ ಬಂದವು. ಏಳು ಇದ್ದ ಮನೆ ಒಂಬತ್ತಾಗಿತ್ತು. ಅಕ್ಕ ಅದಕ್ಕೂ ಏನಾದರೂ ಚುಚ್ಚಿ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಪೆನ್ನು ಸಾರ್ ಎನ್ನುವುದನ್ನೂ ಬಿಟ್ಟು ಬರೀ ಸಾರ್ ಎನ್ನತೊಡಗಿದರು.

ಎರಡು ವರ್ಷದ ಮೇಲೆ ತಾತ್ಕಾಲಿಕರನ್ನೆಲ್ಲ ತೆಗೆದುಹಾಕಿದರು. ನೀರಿನ ಟ್ಯಾಂಕಿನ ಹಿಂದಿನ ಮನೆ ಅಷ್ಟರಲ್ಲಿ ಯಾರದೋ ಪಾಲಾಗಿತ್ತು. ಅವರ ತಾಯಿ ತೀರಿಕೊಂಡದ್ದು ಹದಿನಾರನೆಯ ಬಾಡಿಗೆ ಮನೆಯಲ್ಲಿ. ನಾನು ಹೋಗಿ ಬೀದಿಯಲ್ಲೇ ನಿಂತು ಬಂದೆ, ಒಳಗೆ ಹೋಗಲು ಕಾಲು ಬರಲಿಲ್ಲ. ಆಮೇಲೆ ಆ ಬೀದಿಯನ್ನೇ ತಪ್ಪಿಸಿಕೊಂಡು ಓಡಾಡಿದೆ. ನನಗೆ ಬಡ್ತಿಯೂ ಸಿಕ್ಕಿತು, ಕಟ್ಟುನಿಟ್ಟಿನ ತಪಾಸಣೆಗೆ.

ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಡಬೇಕಾದಾಗ ನನಗೂ ಹೆಂಡತಿಗೂ ಮನೆ ಹುಡುಕುವ ಪಾಡು ಬಂತು. ನನ್ನ ಉಳಿತಾಯದಲ್ಲಿ ಸ್ವಂತ ಮನೆ ದೂರದ ಮಾತು. ಯಾರನ್ನು ಕೇಳಿದರೂ ಒಂದೇ ಉತ್ತರ, ಬಾಡಿಗೆ ಅಕ್ಕನ ಹತ್ತಿರ ಹೋಗಿ. ಕೆಲಸ ಹೋದ ಮೇಲೆ ಅಕ್ಕ ಮನೆ ಕೊಡಿಸುವ ಬ್ರೋಕರ್ ಆಗಿದ್ದರಂತೆ. ಯಾವ ಮನೆಯಲ್ಲಿ ನೀರು ಬರುತ್ತದೆ, ಯಾವುದು ಸೋರುತ್ತದೆ, ಯಾವ ಒಡೆಯ ಮುಂಗೋಪಿ ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಸುಳ್ಳು ಹೇಳುವುದಿಲ್ಲ ಎಂದು ಹೆಸರು. ನನ್ನ ಹೆಂಡತಿ ಹೊರಡಿ ಹೊರಡಿ ಎಂದು ದುಂಬಾಲು ಬಿದ್ದಳು. ನಾನು ಒಂದು ತಿಂಗಳು ನೆಪ ಹೇಳಿ, ಕೊನೆಗೆ ಹೋದೆ.

ಅಕ್ಕನ ತಲೆ ಪೂರ್ತಿ ನರೆತಿತ್ತು. ಊರುಗೋಲು ಬಂದಿತ್ತು. ಗುರುತು ಹಿಡಿದು, ಕ್ಷೇಮ ವಿಚಾರಿಸಿ, ಎರಡು ಮನೆ ತೋರಿಸಿ ತಾವೇ ಬೇಡ ಎಂದರು, ಒಂದಕ್ಕೆ ಗಾಳಿಯಿಲ್ಲ, ಇನ್ನೊಂದರ ಒಡೆಯ ಕಿವಿಗೊಡುವವನಲ್ಲ. ಮೂರನೆಯದು ಮೊದಲ ಮಹಡಿಯಲ್ಲಿತ್ತು. ಖಾಲಿ ಮನೆ, ಸುಣ್ಣದ ವಾಸನೆ, ನೆಲದ ಮೇಲೆ ಬೆಳಗಿನ ಬಿಸಿಲು. ಅಲ್ಲಿ ನನಗೆ ತಡೆಯಲಾಗಲಿಲ್ಲ. ಸೀಲಿನ ವಿಷಯವನ್ನು, ಸಾಹೇಬರು ಹೇಳಿದ್ದನ್ನು, ನಾನು ಅರ್ಥವಾಗದವನ ಹಾಗೆ ನಿಂತದ್ದನ್ನು ಎಲ್ಲ ಹೇಳಿಬಿಟ್ಟೆ.

“ಗೊತ್ತಿತ್ತು,” ಎಂದರು ಅಕ್ಕ. “ಸಾಹೇಬರೇ ಹೇಳಿದ್ರು. ಆ ವಾರಾನೇ.”

ಇಷ್ಟು ವರ್ಷ ಅವರು ಇದನ್ನು ಒಳಗೇ ಇಟ್ಟುಕೊಂಡಿದ್ದರು. ಏನಾದರೂ ಒಳ್ಳೆಯದನ್ನು ಹೇಳಬೇಕೆನಿಸಿ ಹೇಳಿದೆ: ಆ ಎಂಬತ್ತನಾಲ್ಕು ಮನೆಗೂ ಎರಡನೇ ಸಲ ಹೋಗಿ ತಪ್ಪು ಒಪ್ಪಿಕೊಂಡಿರಿ, ಅದಕ್ಕೇ ಅಲ್ಲವೇ ಅಕ್ಕ, ಇವತ್ತು ಊರೆಲ್ಲ ನಿಮ್ಮನ್ನು ನಂಬುವುದು.

ಅಕ್ಕ ಕೋಲನ್ನು ಗೋಡೆಗೆ ಒರಗಿಸಿ ನನ್ನನ್ನು ನೇರವಾಗಿ ನೋಡಿದರು. ಸಿಟ್ಟಿರಲಿಲ್ಲ.

“ಅದು ನಿಮ್ಮ ಸಮಾಧಾನಕ್ಕೆ ನೀವು ಹೇಳ್ಕೊಳ್ಳೋದು ಸಾರ್. ನನಗೆ ಬೇಕಾಗಿದ್ದು ಹೆಸರಲ್ಲ. ಒಂದು ಮನೆ.”

ಆಮೇಲೆ ಅಡುಗೆಮನೆಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿ ನೀರು ಬರುವುದನ್ನು ತೋರಿಸಿದರು. ಈ ಮನೆ ತೆಗೆದುಕೊಳ್ಳಿ, ನಿಮ್ಮ ಮನೆಯವರಿಗೆ ಮೆಟ್ಟಿಲೂ ಕಡಿಮೆ ಎಂದರು. ತೆಗೆದುಕೊಂಡೆ. ಅವರ ದಲ್ಲಾಳಿ ಹಣ ಒಂದು ತಿಂಗಳ ಬಾಡಿಗೆ. ಹಳೆಯ ಸಹೋದ್ಯೋಗಿ ಎಂದು ಬಿಡುತ್ತಾರೇನೋ ಎಂದು ಹೆದರಿದ್ದೆ. ಬಿಡಲಿಲ್ಲ, ಪೂರ್ತಿ ಇಸಿದುಕೊಂಡರು. ನಾನು ಅದರ ಮೇಲೆ ಸೇರಿಸಿಟ್ಟಿದ್ದ ದುಡ್ಡನ್ನು ನನ್ನ ಕೈಗೇ ವಾಪಸ್ಸು ಇಟ್ಟು, ಸಂಜೆ ಇನ್ನೊಬ್ಬರಿಗೆ ಮನೆ ತೋರಿಸಬೇಕು ಎಂದು ಒಂದೊಂದೇ ಮೆಟ್ಟಿಲು ಇಳಿದು ಹೋದರು.